‘ಪಟ್ಟಿ ಇಟ್ಟೀರೇನು?’: ಮುಂಡಗೋಡದಲ್ಲೊಬ್ಬ ತೆರಿಗೆ ವಕೀಲರು

ನವೆಂಬರ್ 20ನೇ ತಾರೀಖು. ಮುಂಡಗೋಡ ಪೇಟೆಯ ಆ ಮಹಡಿ ಮೇಲಿನ ಕೋಣೆಯಲ್ಲಿ ಚಪ್ಪಲಿ ಬಿಡಲಿಕ್ಕೂ ಜಾಗವಿಲ್ಲ. ಜಿಎಸ್‌ಟಿಯ 3ಬಿ ರಿಟರ್ನ್ ತುಂಬಲು ಇವತ್ತೇ ಕೊನೆಯ ದಿನ. ಮೆಟ್ಟಿಲ ಮೇಲೆ ಗೊಬ್ಬರದಂಗಡಿಯ ಹುಡುಗ ಬಿಲ್ ಬುಕ್ಕುಗಳ ಕಟ್ಟು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಾನೆ. ಬಾಗಿಲ ಬಳಿ ಹತ್ತಿ ವ್ಯಾಪಾರಿ ನಿಂತಿದ್ದಾರೆ. ರೈತರಿಂದ ನೇರವಾಗಿ ಹತ್ತಿ ಕೊಂಡ ನೋಂದಾಯಿತ ವ್ಯಾಪಾರಿ ಆ ರೈತರ ಬದಲು ತಾನೇ ತೆರಿಗೆ ಕಟ್ಟಬೇಕೆಂಬ ನಿಯಮ 2017ರ ನವೆಂಬರಿನಿಂದ ಇದೆ. ಕಿಟಕಿ ಪಕ್ಕದ ಬೆಂಚಿನಲ್ಲಿ ಟಿಬೆಟನ್ ಕಾಲೊನಿಯಿಂದ ಬಂದ ತಾಯಿ-ಮಗಳು. ಮಗಳ ಕೈಯಲ್ಲಿ ಲೂಧಿಯಾನಾದ ಸ್ವೆಟರ್ ಕಾರ್ಖಾನೆಯ ಇನ್‌ವಾಯ್ಸುಗಳು.

ಮೇಜಿನ ಆಚೆ ಕೂತ ವಕೀಲರು ತಲೆಯೆತ್ತದೆ ಕೈ ಚಾಚುತ್ತಾರೆ. ಕಾಗದ ಕೈಗೆ ಬಂದ ಮೇಲೆ ಮೊದಲು ನೋಡುವುದು ಮೊತ್ತವನ್ನಲ್ಲ, ತಾರೀಖನ್ನು. ನೋಟಿಸು ಹೊರಟಿದ್ದು ಯಾವತ್ತು, ಉತ್ತರಕ್ಕೆ ಉಳಿದಿರುವುದು ಎಷ್ಟು ದಿನ? ತೆರಿಗೆ ಕಾನೂನಿನಲ್ಲಿ ಗಡುವು ತಪ್ಪಿದವನ ಮಾತು ಎಷ್ಟೇ ನಿಜವಾಗಿದ್ದರೂ ಅದನ್ನು ಕೇಳಿಸಲು ಇನ್ನೊಂದು ಹೋರಾಟ ಬೇಕಾಗುತ್ತದೆ. ಅದಕ್ಕೇ ಗೋಡೆಯ ಕ್ಯಾಲೆಂಡರಿನಲ್ಲಿ ಪ್ರತಿ ತಿಂಗಳ 11 ಮತ್ತು 20ಕ್ಕೆ ಕೆಂಪು ಗುಂಡು. ಜುಲೈ, ಸೆಪ್ಟೆಂಬರ್, ಡಿಸೆಂಬರಿನ ಹಾಳೆಗಳಲ್ಲಂತೂ ಬಿಳಿ ಜಾಗ ಹುಡುಕಬೇಕು.

ತೆರಿಗೆ ವಕೀಲರೆಂದರೆ ದೊಡ್ಡ ಊರುಗಳಲ್ಲಿ ದೊಡ್ಡ ಕಂಪನಿಗಳ ಪರ ವಾದಿಸುವವರು ಎಂಬ ಚಿತ್ರವೇ ಎಲ್ಲರಿಗೂ ಮೊದಲು ಬರುತ್ತದೆ. ಆ ಚಿತ್ರಕ್ಕೆ ಆಧಾರವೂ ಇದೆ. ನಾನಿ ಪಾಲ್ಖಿವಾಲಾ ಮುಂಬೈಯಲ್ಲಿ ಜಮ್‌ಷೆಡ್‌ಜಿ ಕಾಂಗಾ ಅವರ ಕಚೇರಿ ಸೇರಿ, 1950ರಲ್ಲಿ ಅವರೊಂದಿಗೆ ಆದಾಯ ತೆರಿಗೆಯ ಮೇಲೆ ಬರೆದ ಗ್ರಂಥವನ್ನು ಇಂದಿಗೂ ಈ ವೃತ್ತಿಯವರು ‘ಕಾಂಗಾ-ಪಾಲ್ಖಿವಾಲಾ’ ಎಂದೇ ಕರೆಯುತ್ತಾರೆ. ಮುಂಡಗೋಡದ ಈ ಕೋಣೆಯ ಕಪಾಟಿನಲ್ಲೂ ಅದರ ಹಳೆಯ ಮುದ್ರಣವೊಂದಿದೆ. ಆದರೆ ಇಲ್ಲಿಗೆ ಬರುವವರ ಕೈಯಲ್ಲಿ ಇರುವುದು ಕಂಪನಿಯ ತಾಳೆಪಟ್ಟಿಯಲ್ಲ. ಉತಾರ, ಪಾಸ್‌ಬುಕ್, ಸೊಸೈಟಿಯ ರಸೀದಿ, ಮಗನ ಮೊಬೈಲಿನಲ್ಲಿ ಬಂದ ಒಂದು ಮೆಸೇಜು.

ಇವರು ವೃತ್ತಿಗೆ ಬಂದಾಗ ಈ ಕೋಣೆಯಲ್ಲಿ ಕಂಪ್ಯೂಟರ್ ಇರಲಿಲ್ಲ. ಕಾನೂನು ಪದವಿ ಮುಗಿಸಿ, ರಾಜ್ಯ ವಕೀಲರ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಿ, ಹುಬ್ಬಳ್ಳಿಯ ಹಿರಿಯ ವಕೀಲರೊಬ್ಬರ ಕೈಕೆಳಗೆ ಸೇರಿದರು. ಅಲ್ಲಿ ಮೊದಲು ಕಲಿಸಿದ್ದು ವಾದ ಮಾಡುವುದನ್ನಲ್ಲ, ಕಿರ್ದಿ-ಖತಾವಣಿ ಓದುವುದನ್ನು. ಆ ದಿನಗಳಲ್ಲಿ ಕೆಲಸದ ಮುಕ್ಕಾಲು ಪಾಲು 1957ರ ಕರ್ನಾಟಕ ಮಾರಾಟ ತೆರಿಗೆ ಕಾಯ್ದೆಯದು. ಹೊರರಾಜ್ಯಕ್ಕೆ ಮಾಲು ಮಾರಿದ ವ್ಯಾಪಾರಿಗೆ ಕೊಂಡವರಿಂದ ಸಿ-ಫಾರ್ಮ್ ಬಾರದಿದ್ದರೆ ಕಡಿಮೆ ದರದ ತೆರಿಗೆ ದಕ್ಕುತ್ತಿರಲಿಲ್ಲ. ಒಂದೊಂದು ಫಾರ್ಮಿಗೆ ಪತ್ರದ ಮೇಲೆ ಪತ್ರ ಬರೆಯಬೇಕಿತ್ತು. 2005ರ ಏಪ್ರಿಲ್ 1ಕ್ಕೆ ವ್ಯಾಟ್ ಬಂತು, ಆಮೇಲೆ ಸರಕು ಸಾಗಣೆಗೆ ಇ-ಸುಗಮ್ ಬಂತು. 2017ರ ಜುಲೈ 1ಕ್ಕೆ ಅವೆಲ್ಲ ಸರಿದು ಜಿಎಸ್‌ಟಿ ಬಂತು. 1961ರಿಂದ ನಡೆದುಬಂದ ಆದಾಯ ತೆರಿಗೆ ಕಾಯ್ದೆಯ ಜಾಗಕ್ಕೆ ಸಂಸತ್ತು 2025ರಲ್ಲಿ ಹೊಸ ಕಾಯ್ದೆ ಮಾಡಿತು. 2026ರ ಏಪ್ರಿಲ್ 1ರಿಂದ ಅದರ ಲೆಕ್ಕ. 536 ಸೆಕ್ಷನ್‌ಗಳನ್ನು ಹೊಸದಾಗಿ ಗುರುತು ಹಿಡಿಯಬೇಕು. ಸಿವಿಲ್ ವಕೀಲರೊಬ್ಬರು ಒಂದು ಕಾಯ್ದೆ ಕಲಿತರೆ ಬಹುಕಾಲ ಬಾಳುತ್ತದೆ. ತೆರಿಗೆ ವಕೀಲರು ಪ್ರತಿ ಬಜೆಟ್ಟಿನ ಮರುದಿನ ಮತ್ತೆ ವಿದ್ಯಾರ್ಥಿಯಾಗಿ ಕೂರಬೇಕು.

ಮಧ್ಯಾಹ್ನದ ಹೊತ್ತಿಗೆ ಮಾವಿನ ತೋಟದ ಹಿರಿಯರೊಬ್ಬರು ಬಂದರು. ಮುಂಡಗೋಡ ಸೀಮೆಯಲ್ಲಿ ಆಪೂಸು ಮಾವಿನ ತೋಟಗಳಿಗೆ ಕಡಿಮೆಯಿಲ್ಲ. ಹೂ ಬಿಟ್ಟಾಗಲೇ ಫಸಲನ್ನು ಗುತ್ತಿಗೆ ಕೊಟ್ಟುಬಿಡುವುದು ಇಲ್ಲಿನ ರೂಢಿ. ರೊಕ್ಕ ಎರಡು-ಮೂರು ಕಂತಿನಲ್ಲಿ, ಹೆಚ್ಚಾಗಿ ನಗದಾಗಿ, ಕೈಯಿಂದ ಕೈಗೆ ಬರುತ್ತದೆ.

“ಸಾಹೇಬ್ರ, ಮಗನ ಮೊಬೈಲಿಗೆ ಇದು ಬಂದೈತ್ರಿ. ಇನ್‌ಕಮ್ ಟ್ಯಾಕ್ಸ್ ನೋಟಿಸ್ ಅಂತಾನ. ನಾ ಏನ್ ತಪ್ಪ ಮಾಡೇನ್ರಿ?”

“ಮೊದ್ಲ ಕುಂದರ್ರಿ, ಅಜ್ಜಾರ. ತಪ್ಪ ಮಾಡೀರಿ ಅಂತ ಅವ್ರು ಅಂದಿಲ್ಲ. ಬ್ಯಾಂಕಿಗೆ ತುಂಬಿದ ರೊಕ್ಕ ಎಲ್ಲಿಂದ ಬಂತು ಅಂತ ಕೇಳ್ಯಾರ, ಅಷ್ಟ.”

“ಮಾವಿನ ಫಸಲಿಂದು.”

“ಪಟ್ಟಿ ಇಟ್ಟೀರೇನು?”

“ಎಲ್ಲಿ ಪಟ್ಟಿರಿ! ಇಪ್ಪತ್ತ ವರ್ಷದ ವ್ಯವಹಾರ, ಮಾತಿನ ಮ್ಯಾಲ ನಡದೈತಿ.”

ಕೃಷಿ ಆದಾಯಕ್ಕೆ ಕೇಂದ್ರದ ಆದಾಯ ತೆರಿಗೆ ಇಲ್ಲ. ಇದು ಊರಿಗೆಲ್ಲ ಗೊತ್ತು. ಊರಿಗೆ ಗೊತ್ತಿಲ್ಲದಿರುವುದು ಇದರ ಮುಂದಿನ ಮಾತು. ಆ ದುಡ್ಡು ಕೃಷಿಯದು ಎಂದು ತೋರಿಸಿಕೊಡುವ ಹೊಣೆ ರೈತನದೇ. ತೋರಿಸಲಾಗದಿದ್ದರೆ ಅದು ‘ವಿವರಣೆಯಿಲ್ಲದ ಹಣ’ವಾಗಿಬಿಡುತ್ತದೆ. ನೋಟು ರದ್ದತಿಯ ಬೆನ್ನಿಗೆ, 2016ರ ಡಿಸೆಂಬರಿನಲ್ಲಿ ಅಂಥ ಹಣದ ಮೇಲಿನ ದರವನ್ನು ಶೇ 60ಕ್ಕೆ ಏರಿಸಲಾಯಿತು. ಹಳೆಯ ಕಾಯ್ದೆಯಡಿ ಸರ್ಚಾರ್ಜು, ಸೆಸ್ಸು ಸೇರಿ ಅದು ಶೇ 78ಕ್ಕೆ ಮುಟ್ಟಿತ್ತು. ಆ ದರದಲ್ಲಿ ಒಂದು ಲಕ್ಷ ರೂಪಾಯಿ ಮಾವಿನ ದುಡ್ಡಿಗೆ ಕಾಗದವಿಲ್ಲದಿದ್ದರೆ 78 ಸಾವಿರ ತೆರಿಗೆ. ಅಂದರೆ ಅಜ್ಜನ ಒಂದು ವರ್ಷದ ದುಡಿಮೆಯನ್ನು ಕಾಯುವುದು ಸತ್ಯವೊಂದೇ ಅಲ್ಲ, ಸತ್ಯಕ್ಕೆ ಸಿಕ್ಕುವ ಸಾಕ್ಷಿ.

ವಕೀಲರು ಪ್ಯಾಡ್ ತೆಗೆದು ಬರೆಯುತ್ತಾರೆ. ಬೆಳೆ ಕಾಲಮ್ಮಿನಲ್ಲಿ ಮಾವು ಎಂದಿರುವ ಉತಾರ. ಬೆಳೆ ವಿಮೆಗೆ ಕಟ್ಟಿದ ಕಂತಿನ ರಸೀದಿ. ಹಿಂದಿನ ವರ್ಷಗಳಲ್ಲೂ ಇದೇ ತಿಂಗಳಲ್ಲಿ ಇಷ್ಟೇ ಸುಮಾರು ಜಮಾ ಆಗಿದೆ ಎಂದು ತೋರಿಸುವ ಪಾಸ್‌ಬುಕ್ಕು. ಗುತ್ತಿಗೆ ಹಿಡಿದವರಿಂದ ಸಹಿ ಮಾಡಿದ ಒಂದು ಪತ್ರ, ಅವರ ಪಾನ್ ನಂಬರಿನ ಸಮೇತ. ನಾಲ್ಕು ಸಾಲಿನ ಆ ಚೀಟಿಯನ್ನು ಅಜ್ಜ ಅಂಗಿಯ ಒಳಜೇಬಿಗೆ ಇಟ್ಟುಕೊಂಡರು. “ಮುಂದಿನ ಸಲ ಗುತ್ತಿಗಿ ಕೊಡುವಾಗ ಒಂದ ಬಿಳಿ ಹಾಳಿ ಮ್ಯಾಲಾದ್ರೂ ಬರಸ್ಕೊಳ್ರಿ, ರೊಕ್ಕ ಬ್ಯಾಂಕಿಗೇ ಹಾಕಸ್ಕೊಳ್ರಿ” ಎಂದು ವಕೀಲರು ಎರಡು ಸಲ ಹೇಳಿದರು.

ಅಜ್ಜನ ಮಗನ ಮೊಬೈಲಿಗೆ ಮೆಸೇಜು ಬಂದದ್ದೇ ಒಂದು ಪುಣ್ಯ. 2020ರ ನಂತರ ಆದಾಯ ತೆರಿಗೆಯ ವಿಚಾರಣೆ ಬಹುಪಾಲು ಮುಖಾಮುಖಿಯಿಲ್ಲದೆ ಆನ್‌ಲೈನಿನಲ್ಲೇ ನಡೆಯುತ್ತದೆ. ನೋಟಿಸು ಹೋಗುವುದು ಖಾತೆಯಲ್ಲಿ ನೋಂದಣಿಯಾದ ಇ-ಮೇಲಿಗೆ. ಹಳ್ಳಿಯವರ ಎಷ್ಟೋ ಖಾತೆಗಳಲ್ಲಿ ಇರುವುದು ಪಾನ್ ಕಾರ್ಡ್ ಮಾಡಿಸಿಕೊಟ್ಟ ಕಂಪ್ಯೂಟರ್ ಅಂಗಡಿಯವನ ಇ-ಮೇಲು. ಅಂಗಡಿ ಮುಚ್ಚಿ ವರ್ಷಗಳಾಗಿರುತ್ತವೆ. ನೋಟಿಸು ಅಲ್ಲಿಗೇ ಹೋಗಿ, ಅಲ್ಲಿಗೇ ನೆನಪೋಲೆ ಹೋಗಿ, ಉತ್ತರ ಬಾರದ್ದಕ್ಕೆ ಏಕಪಕ್ಷೀಯ ಆದೇಶವೂ ಆಗಿಬಿಡುತ್ತದೆ. ಬ್ಯಾಂಕಿನಲ್ಲಿ ದುಡ್ಡು ತೆಗೆಯಲು ಹೋದಾಗ ಖಾತೆ ಜಪ್ತಿಯಾಗಿರುವುದು ತಿಳಿಯುತ್ತದೆ. ಆಗ ಓಡಿಬರುವುದು ಈ ಮಹಡಿಗೆ. ಮೇಲ್ಮನವಿಗೆ 30 ದಿನದ ಗಡುವು ಎಂದೋ ಕಳೆದಿರುತ್ತದೆ. ತಡವಾದದ್ದಕ್ಕೆ ಮನ್ನಣೆ ಕೋರುವ ಅರ್ಜಿಯಿಂದಲೇ ಕೆಲಸ ಶುರು. ಮೇಲ್ಮನವಿಯ ಶುಲ್ಕ 250ರಿಂದ 1,000 ರೂಪಾಯಿ ಮಾತ್ರ. ನ್ಯಾಯದ ಬಾಗಿಲಿಗೆ ಕಾನೂನು ದೊಡ್ಡ ಬೆಲೆಯಿಟ್ಟಿಲ್ಲ. ಬಾಗಿಲು ಎಲ್ಲಿದೆ ಎಂದು ತೋರಿಸುವವರು ತಾಲ್ಲೂಕಿನಲ್ಲಿ ವಿರಳ.

ಅದಕ್ಕೆ ಇವರ ಕಚೇರಿಯಲ್ಲಿ ಹೊಸ ಕಕ್ಷಿದಾರ ಬಂದರೆ ಮೊದಲು ಮಾಡುವ ಕೆಲಸ, ಪೋರ್ಟಲ್ ತೆರೆದು ಮೊಬೈಲ್ ನಂಬರ್, ಇ-ಮೇಲ್ ಬದಲಿಸುವುದು. ಕಕ್ಷಿದಾರನದೇ ನಂಬರ್ ಹಾಕುತ್ತಾರೆ, ತಮ್ಮದಲ್ಲ. ಗಿರಾಕಿ ಕೈತಪ್ಪಬಾರದೆಂದು ಪಾಸ್‌ವರ್ಡನ್ನು ತಮ್ಮಲ್ಲೇ ಇಟ್ಟುಕೊಳ್ಳುವವರೂ ಈ ವೃತ್ತಿಯಲ್ಲಿ ಇದ್ದಾರೆ. ಇವರ ಮೇಜಿನ ಮೇಲೆ ಆ ವ್ಯವಹಾರ ನಡೆಯುವುದಿಲ್ಲ.

ಮೂರು ಗಂಟೆಗೆ ಅಣ್ಣತಮ್ಮಂದಿರಿಬ್ಬರು ಬಂದರು. ಪೇಟೆಯ ಹೊರಗಿದ್ದ ಹೊಲ ಮಾರಿದ್ದಾರೆ. ನಿಗದಿತ ಮೊತ್ತ ದಾಟಿದ ಆಸ್ತಿ ನೋಂದಣಿಯ ವಿವರ ನೋಂದಣಿ ಕಚೇರಿಯಿಂದ ಆದಾಯ ತೆರಿಗೆ ಇಲಾಖೆಗೆ ತಾನಾಗಿ ಹೋಗುತ್ತದೆ. ಅಲ್ಲಿಂದ ಪ್ರಶ್ನೆ ಬಂದಿದೆ: ಮಾರಿದ ಲಾಭಕ್ಕೆ ತೆರಿಗೆ ಕಟ್ಟಿಲ್ಲವೇಕೆ?

ಇಂಥ ಕೇಸಿನಲ್ಲಿ ಇಡೀ ಪ್ರಶ್ನೆ ಒಂದು ಅಳತೆಯ ಮೇಲೆ ನಿಂತಿರುತ್ತದೆ. ಗ್ರಾಮೀಣ ಕೃಷಿ ಭೂಮಿ ಕಾನೂನಿನ ಕಣ್ಣಿನಲ್ಲಿ ಬಂಡವಾಳ ಆಸ್ತಿಯೇ ಅಲ್ಲ. ಅದನ್ನು ಮಾರಿದ ಲಾಭಕ್ಕೆ ತೆರಿಗೆಯಿಲ್ಲ. ಗ್ರಾಮೀಣ ಎಂದರೆ ಯಾವುದು? ಹತ್ತು ಸಾವಿರದಿಂದ ಒಂದು ಲಕ್ಷದವರೆಗೆ ಜನಸಂಖ್ಯೆಯಿರುವ ಪಟ್ಟಣದ ಗಡಿಯಿಂದ 2 ಕಿಲೋಮೀಟರಿಗಿಂತ ಆಚೆ ಇರುವುದು. ಜನಸಂಖ್ಯೆ ಲಕ್ಷ ದಾಟಿದರೆ 6 ಕಿಲೋಮೀಟರ್, ಹತ್ತು ಲಕ್ಷ ದಾಟಿದರೆ 8. ಮುಂಡಗೋಡ ಪಟ್ಟಣ ಪಂಚಾಯಿತಿಗೆ ಅನ್ವಯಿಸುವುದು ಆ 2 ಕಿಲೋಮೀಟರಿನ ಅಳತೆ.

ವಕೀಲರು ಸರ್ವೆ ನಕ್ಷೆಯನ್ನು ಮೇಜಿನ ಮೇಲೆ ಹಾಸಿ, ನಾಲ್ಕು ಮೂಲೆಗೂ ಪುಸ್ತಕ ಇಟ್ಟರು. ಬೆರಳಿನಿಂದ ದಾರಿ ಹಿಡಿದರು. ದಾರಿ ಪಟ್ಟಣದ ಗಡಿಯಿಂದ ಹೊರಟು, ಕೆರೆಯನ್ನು ಬಳಸಿ, ಕಾಡಿನ ಅಂಚಿಗೆ ತಿರುಗಿ ಹೊಲಕ್ಕೆ ಬರುತ್ತದೆ. “ರಸ್ತೆ ಹಿಡದ್ರ ಎರಡೂವರಿ ಆಗತೈತ್ರಿ” ಎಂದರು ಅಣ್ಣ, ಗೆದ್ದವರ ದನಿಯಲ್ಲಿ. ವಕೀಲರು ತಲೆಯಾಡಿಸಿದರು. ರಸ್ತೆಯ ಅಳತೆ ಮೊದಲು ನಡೆಯುತ್ತಿತ್ತು. ಹಲವು ಹೈಕೋರ್ಟುಗಳು ಅದನ್ನೇ ಒಪ್ಪಿದ್ದವು. 2013ರ ಹಣಕಾಸು ಕಾಯ್ದೆ ಆ ಮಾತನ್ನು ಬದಲಿಸಿತು. ಈಗ ಅಳೆಯುವುದು ಆಕಾಶಮಾರ್ಗದಲ್ಲಿ, ಎರಡು ಬಿಂದುಗಳ ನಡುವೆ ನೇರ ಗೆರೆಯಲ್ಲಿ. ಕೆರೆಯ ಮೇಲಿಂದ ಅಡಿಕೋಲಿಟ್ಟು ಗೆರೆ ಎಳೆದರೆ ಹೊಲದ ಸಮೀಪದ ಮೂಲೆ 2 ಕಿಲೋಮೀಟರಿನ ಆಸುಪಾಸಿಗೇ ಬಂದು ನಿಲ್ಲುತ್ತದೆ.

ಅಣ್ಣತಮ್ಮಂದಿರ ಮುಖ ಬಾಡಿತು. ವಕೀಲರು ಪೆನ್ನಿನ ಮುಚ್ಚಳ ಹಾಕಲಿಲ್ಲ. ಪೆನ್ಸಿಲ್ ಗೆರೆಯನ್ನು ನಂಬುವ ಹಾಗಿಲ್ಲ, ಭೂಮಾಪಕರಿಂದ ಅಳತೆ ಮಾಡಿಸಿ ತಹಶೀಲ್ದಾರರ ದೃಢೀಕರಣ ತೆಗೆದುಕೊಳ್ಳಬೇಕು. ಗಡಿಯ ಒಳಗೇ ಬಿದ್ದರೂ ದಾರಿ ಮುಗಿಯುವುದಿಲ್ಲ. ಮಾರುವ ಮುಂಚಿನ ಎರಡು ವರ್ಷ ಆ ಹೊಲದಲ್ಲಿ ಸಾಗುವಳಿ ಮಾಡಿದ್ದರೆ, ಮಾರಿದ ಎರಡು ವರ್ಷದೊಳಗೆ ಬೇರೆ ಕೃಷಿ ಭೂಮಿ ಕೊಂಡರೆ, ಅಷ್ಟರ ಮಟ್ಟಿಗೆ ವಿನಾಯಿತಿಯಿದೆ. “ಹಾನಗಲ್ ಕಡೆ ಹೊಲ ನೋಡಾಕತ್ತೇವ್ರಿ” ಎಂದು ತಮ್ಮ ಮೊದಲ ಸಲ ಬಾಯಿ ಬಿಟ್ಟರು. “ಹಂಗಾದ್ರ ತಡ ಮಾಡಬ್ಯಾಡ್ರಿ. ತಾರೀಖು ಬರಕೋರಿ” ಎಂದರು ವಕೀಲರು.

ಇಡೀ ತಾಲ್ಲೂಕಿಗೆ ಸಂಬಂಧಿಸಿದ ಕೆಲಸವೊಂದಿದೆ, ಅದು ಸೊಸೈಟಿಗಳದು. 1905ರಲ್ಲಿ ಗದಗ ಸಮೀಪದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಹಚ್ಚಿದ ಸಹಕಾರದ ದೀಪ ಈ ಸೀಮೆಯಲ್ಲಿ ಊರೂರಿಗೂ ಹಬ್ಬಿದೆ. ಸೇವಾ ಸಹಕಾರಿ ಸಂಘ ಗಳಿಸಿದ ಲಾಭಕ್ಕೆ ಹಳೆಯ ಕಾಯ್ದೆಯ ಸೆಕ್ಷನ್ 80ಪಿ ವಿನಾಯಿತಿ ಕೊಡುತ್ತಿತ್ತು. ಆದರೆ ಸಂಘದ ಕೈಯಲ್ಲಿ ಉಳಿದ ದುಡ್ಡನ್ನು ಠೇವಣಿಯಿಟ್ಟಾಗ ಬರುವ ಬಡ್ಡಿ? ಅದೂ ವಿನಾಯಿತಿಗೆ ಸೇರುತ್ತದೆಯೇ?

ದೇಶದ ಸಹಕಾರಿ ಸಂಘಗಳೆಲ್ಲ ಕೇಳುವ ಈ ಪ್ರಶ್ನೆಗೆ ಪಕ್ಕದ ಶಿರಸಿಯ ಹೆಸರೇ ಅಂಟಿಕೊಂಡಿದೆ. 1923ರಲ್ಲಿ ಹುಟ್ಟಿದ ತೋಟಗಾರ್ಸ್ ಕೋ-ಆಪರೇಟಿವ್ ಸೇಲ್ ಸೊಸೈಟಿ, ಜನರ ಬಾಯಲ್ಲಿ ಟಿಎಸ್‌ಎಸ್, ಸದಸ್ಯರ ಅಡಿಕೆ ಮಾರಿಕೊಡುವ ಸಂಸ್ಥೆ. ಮಾರಿದ ದುಡ್ಡು ಸದಸ್ಯರಿಗೆ ಸಂದಾಯವಾಗುವವರೆಗೆ ಸಂಸ್ಥೆಯಲ್ಲಿ ನಿಲ್ಲುತ್ತಿತ್ತು. ಅದನ್ನು ಠೇವಣಿಯಿಟ್ಟು ಬಡ್ಡಿ ಬರುತ್ತಿತ್ತು. ಆ ಬಡ್ಡಿ ಸಂಘದ ವ್ಯವಹಾರದ ಲಾಭವಲ್ಲ, ‘ಇತರ ಮೂಲದ ಆದಾಯ’. ಅದಕ್ಕೆ ವಿನಾಯಿತಿಯಿಲ್ಲ ಎಂದು ಸುಪ್ರೀಂ ಕೋರ್ಟ್ 2010ರ ಫೆಬ್ರವರಿ 8ರಂದು ತೀರ್ಪು ಕೊಟ್ಟಿತು. ಅಲ್ಲಿಂದ ಮುಂದೆ ದೇಶದ ಮೂಲೆಮೂಲೆಯ ಸಂಘಗಳಿಗೆ ಬಂದ ಆದೇಶಗಳಲ್ಲಿ ಶಿರಸಿಯ ಈ ಸಂಸ್ಥೆಯ ಹೆಸರು ಕಾಣಿಸತೊಡಗಿತು.

ಬಡ್ಡಿ ಬಂದದ್ದು ಇನ್ನೊಂದು ಸಹಕಾರಿ ಬ್ಯಾಂಕಿನಿಂದಾದರೆ ಬೇರೆ ಉಪಕಲಮಿನಲ್ಲಿ ವಿನಾಯಿತಿ ಕೊಡಬಹುದಲ್ಲವೇ ಎಂಬ ಪ್ರಶ್ನೆ ಮತ್ತೆ ಎದ್ದಿತು. ಅದೇ ಟಿಎಸ್‌ಎಸ್ ಪ್ರಕರಣಗಳಲ್ಲಿ ಧಾರವಾಡದ ಹೈಕೋರ್ಟ್ ಪೀಠ 2017ರ ಜನವರಿಯಲ್ಲಿ ಕೊಡಬಹುದು ಎಂದಿತು, ಅದೇ ವರ್ಷ ಜೂನಿನಲ್ಲಿ ಬೇರೆ ನ್ಯಾಯಪೀಠ ಕೊಡಲಾಗದು ಎಂದಿತು. ಒಂದೇ ಸಂಸ್ಥೆ, ಒಂದೇ ಹೈಕೋರ್ಟು, ಒಂದೇ ವರ್ಷ, ಎರಡು ದಿಕ್ಕು. ಮುಂದೆ 2021ರ ಜನವರಿಯಲ್ಲಿ ಕೇರಳದ ಮಾವಿಲಾಯಿ ಸಹಕಾರಿ ಬ್ಯಾಂಕಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, 80ಪಿ ಸಹಕಾರವನ್ನು ಬೆಳೆಸಲೆಂದೇ ಮಾಡಿದ ಕಲಮು, ಅದನ್ನು ಉದಾರವಾಗಿ ಓದಬೇಕು ಎಂದಿತು.

ವಕೀಲರ ಕಪಾಟಿನಲ್ಲಿ ಈ ತೀರ್ಪುಗಳ ಪ್ರತಿಗಳು ಒಂದೇ ಫೈಲಿನಲ್ಲಿವೆ. ಜನವರಿಯದಕ್ಕೆ ಹಸಿರು ಚೀಟಿ, ಜೂನಿನದಕ್ಕೆ ಕೆಂಪು. ಸಂಘದ ಕಾರ್ಯದರ್ಶಿ ಬಂದು ಕೂತರೆ ಎರಡನ್ನೂ ತೆಗೆದು ತೋರಿಸುತ್ತಾರೆ. ಗೆಲ್ಲುತ್ತೇವೆ ಎಂದು ಮಾತು ಕೊಡುವುದಿಲ್ಲ. ಠೇವಣಿಯ ಮೂಲ ಯಾವುದು, ಸದಸ್ಯರಿಗೆ ಕೊಡಬೇಕಾದ ದುಡ್ಡೋ ಸಂಘದ ನಿಧಿಯೋ, ಠೇವಣಿಯಿಟ್ಟದ್ದು ಎಲ್ಲಿ ಎಂದು ಒಂದೊಂದೇ ಸಾಲು ಕೇಳಿ ಬರೆದುಕೊಳ್ಳುತ್ತಾರೆ. ಕಾನೂನಿನ ಜಟಿಲ ವಾದ ಕೊನೆಗೆ ಬಂದು ನಿಲ್ಲುವುದು ಹಳ್ಳಿಯ ಸಂಘದ ಗುಮಾಸ್ತ ಬರೆದ ಲೆಡ್ಜರಿನ ಮೇಲೇ.

ಕಿಟಕಿ ಪಕ್ಕದ ತಾಯಿ-ಮಗಳ ಸರದಿ ಬಂದಾಗ ಸಂಜೆಯಾಗಿತ್ತು. ಮುಂಡಗೋಡದ ಟಿಬೆಟನ್ ನೆಲೆ, ದೋಗುಲಿಂಗ್, 1966ರಲ್ಲಿ ಆರಂಭವಾದದ್ದು. ಗಾದೆನ್, ಡ್ರೆಪುಂಗ್ ಮಠಗಳು ಇಲ್ಲಿ ಮತ್ತೆ ಎದ್ದು ನಿಂತವು. ಹೊಲದ ಕೆಲಸ ಮುಗಿದ ಮೇಲೆ ಚಳಿಗಾಲದ ಮೂರ್ನಾಲ್ಕು ತಿಂಗಳು ಊರೂರಿಗೆ ಹೋಗಿ ಸ್ವೆಟರ್ ಮಾರುವುದು ಅನೇಕ ಕುಟುಂಬಗಳ ಜೀವನಾಧಾರ. ನೆಲೆಯಾದ ಅಂಗಡಿಯಿಲ್ಲದ ಹೊರರಾಜ್ಯದಲ್ಲಿ ಹೀಗೆ ಕೆಲವು ಕಾಲ ಮಾರುವವರು ವಹಿವಾಟು ಎಷ್ಟೇ ಇರಲಿ ತಾತ್ಕಾಲಿಕ ನೋಂದಣಿ ಮಾಡಿಸಬೇಕು. ಅದರ ಅವಧಿ 90 ದಿನ, ಅಂದಾಜು ತೆರಿಗೆ ಮುಂಗಡವಾಗಿಯೇ ಕಟ್ಟಬೇಕು, ಉಳಿದದ್ದನ್ನು ಆಮೇಲೆ ವಾಪಸು ಕೇಳಬೇಕು. ವಕೀಲರು ಮಗಳಿಗೆ ಹೇಳುತ್ತಾರೆ, ಮಗಳು ಟಿಬೆಟನ್ನಿನಲ್ಲಿ ತಾಯಿಗೆ ಹೇಳುತ್ತಾಳೆ, ತಾಯಿ ಕೇಳಿದ ಪ್ರಶ್ನೆ ಕನ್ನಡದಲ್ಲಿ ಹಿಂತಿರುಗಿ ಬರುತ್ತದೆ. ಕಳೆದ ಸಲದ ಮುಂಗಡದಲ್ಲಿ ಉಳಿದದ್ದು ಬಂದಿಲ್ಲ. ಅರ್ಜಿ ತೆರೆದು ನೋಡಿದರೆ ಬ್ಯಾಂಕಿನ ಐಎಫ್‌ಎಸ್‌ಸಿ ಕೋಡು ಹಳೆಯದು. ಹತ್ತು ನಿಮಿಷದಲ್ಲಿ ತಿದ್ದಿ ಸಲ್ಲಿಸಿದರು.

ಪಕ್ಕದ ಹಾವೇರಿಯ ಸುದ್ದಿ 2025ರ ಜುಲೈಯಲ್ಲಿ ನಾಡಿಗೆಲ್ಲ ಗೊತ್ತಾಯಿತು. ಅಲ್ಲಿನ ತರಕಾರಿ ವ್ಯಾಪಾರಿಯೊಬ್ಬರಿಗೆ, ನಾಲ್ಕು ವರ್ಷಗಳಲ್ಲಿ 1.63 ಕೋಟಿ ರೂಪಾಯಿಯ ವಹಿವಾಟು ನಡೆದಿದೆ ಎಂದು 29 ಲಕ್ಷ ರೂಪಾಯಿಯ ಜಿಎಸ್‌ಟಿ ನೋಟಿಸು ಬಂದಿತ್ತು. ಯುಪಿಐ ಮೂಲಕ ಬಂದ ದುಡ್ಡಿನ ಲೆಕ್ಕ ಹಿಡಿದು ರಾಜ್ಯದ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ಹೋದ ನೋಟಿಸುಗಳಲ್ಲಿ ಅದೊಂದು. ತಾಜಾ ತರಕಾರಿಗೆ ಜಿಎಸ್‌ಟಿಯೇ ಇಲ್ಲ. ತೆರಿಗೆಯಿಲ್ಲದ ಸರಕನ್ನಷ್ಟೇ ಮಾರುವವರು ನೋಂದಣಿಯನ್ನೂ ಮಾಡಿಸಬೇಕಿಲ್ಲ. ಆದರೆ ಫೋನಿಗೆ ಬಂದ ದುಡ್ಡು ತರಕಾರಿಯದೋ ಬೇರೆ ಮಾಲಿನದೋ ಎಂದು ಕ್ಯೂಆರ್ ಕೋಡ್ ಹೇಳುವುದಿಲ್ಲ. ಅದನ್ನು ಹೇಳಬೇಕಾದದ್ದು ಖರೀದಿಯ ಚೀಟಿ. ಅಂಗಡಿಗಳ ಮುಂದೆ ‘ನಗದು ಮಾತ್ರ’ ಎಂಬ ಬರಹಗಳು ಕಾಣಿಸಿಕೊಂಡವು. ಮುಖ್ಯಮಂತ್ರಿಗಳು ವ್ಯಾಪಾರಿ ಸಂಘಟನೆಗಳೊಂದಿಗೆ ಮಾತನಾಡಿ ಹಳೆಯ ಬಾಕಿ ವಸೂಲಿ ಮಾಡುವುದಿಲ್ಲವೆಂಬ ಭರವಸೆ ಕೊಟ್ಟ ಮೇಲೆ ಕಾವು ಇಳಿಯಿತು.

ಆ ದಿನಗಳಲ್ಲಿ ಈ ಮಹಡಿಗೆ ಚಹಾದಂಗಡಿಯವರು, ಬೇಕರಿಯವರು, ಹೂವಿನವರು ಸಾಲಾಗಿ ಬಂದರು. ವಕೀಲರು ಎಲ್ಲರಿಗೂ ಒಂದೇ ಲೆಕ್ಕ ಹೇಳಿಕೊಟ್ಟರು. ಸರಕಿನ ವ್ಯಾಪಾರ ವರ್ಷಕ್ಕೆ 40 ಲಕ್ಷ ದಾಟಿದರೆ, ಸೇವೆ 20 ಲಕ್ಷ ದಾಟಿದರೆ ನೋಂದಣಿ. ಒಂದೂವರೆ ಕೋಟಿಯೊಳಗಿನ ಸರಕು ವ್ಯಾಪಾರಿಗೆ ಶೇ 1ರ ರಾಜಿ ತೆರಿಗೆಯ ದಾರಿಯಿದೆ. ಫೋನ್ ಪೇ ಬಿಟ್ಟು ನಗದಿಗೆ ಹೋಗುತ್ತೇನೆ ಎಂದವರಿಗೆ ಬೇಡ ಎಂದರು. “ಫೋನಿನ ಲೆಕ್ಕಾ ಬ್ಯಾಂಕ್ ಬರೀತದ. ಖರೀದಿ ಲೆಕ್ಕಾ ನೀವ ಬರೀರಿ. ಎರಡೂ ಕೂಡಿದ್ರ ಯಾರಿಗೂ ಅಂಜಬೇಕಾಗಿಲ್ಲ.”

ಈ ವೃತ್ತಿಯ ಗುಣವನ್ನು ತಿಳಿಸುವ ಹಳೆಯ ತೀರ್ಪೊಂದಿದೆ. ಬೆಂಗಳೂರಿನ ಅಗರಬತ್ತಿ ತಯಾರಕರ ಪಾಲುದಾರಿಕೆ ಸಂಸ್ಥೆಯೊಂದು 1965ರ ಕೊನೆಯಲ್ಲಿ ವಿಸರ್ಜನೆಯಾದಾಗ ಅದರ ವ್ಯಾಪಾರದ ಹೆಸರಿಗೆ, ಗುಡ್‌ವಿಲ್ಲಿಗೆ, ಒಂದೂವರೆ ಲಕ್ಷ ರೂಪಾಯಿ ಬೆಲೆ ಕಟ್ಟಿದ್ದರು. ಅದರ ಮೇಲೆ ಲಾಭ ತೆರಿಗೆ ಹಾಕಬಹುದೇ ಎಂಬ ಪ್ರಶ್ನೆ ಸುಪ್ರೀಂ ಕೋರ್ಟಿಗೆ ಹೋಯಿತು. ದುಡಿದು ಗಳಿಸಿದ ಹೆಸರಿಗೆ ಕೊಂಡ ಬೆಲೆಯೆಂಬುದಿಲ್ಲ, ಕೊಂಡ ಬೆಲೆಯಿಲ್ಲದೆ ಲಾಭ ಎಣಿಸಲಾಗದು, ಎಣಿಸಲಾಗದ್ದಕ್ಕೆ ತೆರಿಗೆಯಿಲ್ಲ ಎಂದು ಬಿ.ಸಿ. ಶ್ರೀನಿವಾಸ ಶೆಟ್ಟಿ ಪ್ರಕರಣದಲ್ಲಿ 1981ರಲ್ಲಿ ನ್ಯಾಯಾಲಯ ಹೇಳಿತು. ಸಂಸತ್ತು ಮುಂದೆ ಕಾನೂನನ್ನೇ ತಿದ್ದಿತು. ಹಾಗಿದ್ದರೂ ಆ ತೀರ್ಪನ್ನು ಪ್ರತಿ ತೆರಿಗೆ ವಕೀಲರೂ ಇಂದಿಗೂ ಓದುತ್ತಾರೆ. ಸರ್ಕಾರ ಎಷ್ಟು ದೊಡ್ಡದಾದರೂ ಕಾನೂನಿನ ಅಕ್ಷರದಲ್ಲಿ ಇಲ್ಲದ್ದನ್ನು ಒಂದು ಅಗರಬತ್ತಿ ಅಂಗಡಿಯಿಂದಲೂ ವಸೂಲು ಮಾಡಲಾಗದು ಎಂಬ ಧೈರ್ಯವನ್ನು ಅದು ಕೊಡುತ್ತದೆ. ಅದೇ ಅಳತೆ ಇನ್ನೊಂದು ಕಡೆಗೂ ಇದೆ. ಅಕ್ಷರದಲ್ಲಿ ಇರುವುದನ್ನು ತಪ್ಪಿಸಲು ಬಂದವರನ್ನು, ವ್ಯಾಪಾರದ ದುಡ್ಡನ್ನು ಇಲ್ಲದ ಹೊಲದ ಬೆಳೆ ಎಂದು ತೋರಿಸಿಕೊಡಿ ಎನ್ನುವವರನ್ನು, ಈ ವಕೀಲರು ಮೆಟ್ಟಿಲಿನವರೆಗೆ ಬಂದು ಕಳಿಸಿಕೊಡುತ್ತಾರೆ. ಅಂಥವರಿಂದಾಗಿಯೇ ನಿಜವಾದ ರೈತ ಉತಾರ ಹಿಡಿದು ಅಲೆಯಬೇಕಾಗಿದೆ ಎಂಬುದು ಅವರ ಖಚಿತ ಮಾತು.

ಮುಂಡಗೋಡದಂಥ ಊರಿನಲ್ಲಿ ಬದುಕು ನಡೆದದ್ದು ಮಾತಿನ ಮೇಲೆ. ಕಾಯ್ದೆ ಕೇಳುವುದು ಕಾಗದ. ಪ್ರಾಮಾಣಿಕವಾಗಿ ದುಡಿದವರ ಮಾತನ್ನು ಕಾಯ್ದೆಗೆ ಕಾಣುವ ಕಾಗದವಾಗಿ ಮಾಡಿಕೊಡುವುದೇ ತಾಲ್ಲೂಕಿನ ತೆರಿಗೆ ವಕೀಲರ ವೃತ್ತಿ. ಇದರಲ್ಲಿ ದೊಡ್ಡ ಶುಲ್ಕವಿಲ್ಲ, ಪತ್ರಿಕೆಯಲ್ಲಿ ಹೆಸರು ಬರುವುದಿಲ್ಲ. ಆದರೆ ಫೋನು ಮುಟ್ಟಿದ ಪ್ರತಿ ಅಂಗಡಿಗೆ ಇಂದು ತೆರಿಗೆಯೂ ಮುಟ್ಟುತ್ತಿದೆ. ತಿಳಿದು ಹೇಳುವವರು ಮುಟ್ಟುತ್ತಿಲ್ಲ. ಪ್ರತಿ ತಾಲ್ಲೂಕು ನ್ಯಾಯಾಲಯದಲ್ಲೂ ಕಾನೂನು ಸೇವಾ ಸಮಿತಿಯಿದೆ. ಜಮೀನು, ಜೀವನಾಂಶದ ವ್ಯಾಜ್ಯಗಳಿಗೆ ಉಚಿತ ನೆರವು ಕೊಡುವ ಹಾಗೆ ತೆರಿಗೆ ನೋಟಿಸು ಬಂದ ಬಡವರಿಗೂ ವಾರಕ್ಕೊಂದು ದಿನ ಅಲ್ಲಿ ಸಲಹೆ ಸಿಗಬೇಕು. ಹುಬ್ಬಳ್ಳಿಯ ಕಾನೂನು ವಿಶ್ವವಿದ್ಯಾಲಯದಿಂದ ಪ್ರತಿ ವರ್ಷ ಪದವಿ ಪಡೆದು ಹೊರಬರುವ ನಮ್ಮ ಭಾಗದ ಹುಡುಗ-ಹುಡುಗಿಯರಲ್ಲಿ ಕೆಲವರಾದರೂ ಲೆಕ್ಕದ ಪುಸ್ತಕಕ್ಕೆ ಹೆದರದೆ ಈ ಕಡೆ ಬರಬೇಕು. ಕೆಲಸ ಇದೆ, ಕಲಿಯುವುದಕ್ಕೆ ಕೊನೆಯಿಲ್ಲ, ಮತ್ತು ಅವರಿಗಾಗಿ ಮೆಟ್ಟಿಲ ಮೇಲೆ ಕಾಯುತ್ತಿರುವವರು ನಮ್ಮವರೇ.